ಐವತ್ತನೆಯ ಎಳ್ಳಮಾಸಿ

ಹೆಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಜಗದೇವಿ ಮತ್ತೊಂದು ಹಿಟ್ಟಿನ ಉಂಡೆಯನ್ನು ಪರಾತದಲ್ಲಿ ನಾದತೊಡಗಿದಾಗ ಓಣಿಯಲ್ಲಿ ಟ್ರ್ಯಾಕ್ಟರ್ ಬಂದು ನಿಂತ ಸದ್ದಾಯಿತು. ಹೆಂಗಸರು ಟ್ರಾಲಿಗೆ ಬುಟ್ಟಿಗಳನ್ನು ಏರಿಸುತ್ತ ಕೂಗಾಡುತ್ತಿದ್ದರು. ಭಜ್ಜಿಯ ಕೊಡ ಗಟ್ಟಿಯಾಗಿ ಹಿಡಿ ಎಂದು ಒಬ್ಬಳು, ಅಂಬಲಿ ಮನೆಯಲ್ಲೇ ಉಳಿಯಿತಲ್ಲ ಎಂದು ಇನ್ನೊಬ್ಬಳು. ಎಳ್ಳ ಅಮಾವಾಸ್ಯೆ. ಚಿತ್ತಾಪುರದ ಅರ್ಧ ಊರು ಇವತ್ತು ಹೊಲದಲ್ಲಿ ಉಣ್ಣುತ್ತದೆ. ಬರೀ ಜೋಳದ ರೊಟ್ಟಿ ಬಡಿಯುವ ದಿನವಲ್ಲ ಇದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಹಸಿ ಕಡಲೆ, ತೊಗರಿ, ಅವರೆ, ಬದನೆ, ಗಜ್ಜರಿ, ಮೆಂತ್ಯೆ ಎಲ್ಲವನ್ನೂ ಹುಣಸೆಹುಳಿಯಲ್ಲಿ ಕುದಿಸಿ ಕಡಲೆಹಿಟ್ಟು ಕದಡಿದ ಭಜ್ಜಿ ಆಗಬೇಕಾದ ದಿನ.

ಆದರೆ ದಸರೆಯ ಮುಂದೆ ಅತ್ತೆ ಶಿವಕಾಂತಮ್ಮ ತೀರಿಕೊಂಡಿದ್ದಳು. ವರ್ಷ ತುಂಬುವ ತನಕ ಈ ಮನೆಯಲ್ಲಿ ಹಬ್ಬದ ಅಡಿಗೆ ಇಲ್ಲ. ನೆಂಟರು, ನೆರೆಯವರು ತಂದುಕೊಟ್ಟದ್ದನ್ನು ಉಣ್ಣಬೇಕು. ತಂದದ್ದನ್ನು ಬೇಡ ಅನ್ನಬಾರದು.

ಬುದ್ಧಿ ಬಂದಾಗಿನಿಂದ ಎಳ್ಳಮಾಸಿಯ ಮುಂಜಾನೆ ಜಗದೇವಿ ಕೈ ಬಿಡುವಾಗಿ ಕುಳಿತದ್ದಿಲ್ಲ. ಇವತ್ತು ಗಂಡನಿಗೂ ತನಗೂ ನಾಷ್ಟಾಕ್ಕೆ ಸಾಕಾಗುವಷ್ಟು ರೊಟ್ಟಿ ಬಡಿದರೆ ಮುಗಿಯಿತು. ಮುಂದೆ ಇಡೀ ದಿನ ಖಾಲಿ. ಅದನ್ನು ನೆನೆದರೆ ಅವಳಿಗೆ ಖುಷಿಯೂ ಆಗುತ್ತಿತ್ತು, ಏನೋ ಮರೆತಂತೆಯೂ ಆಗುತ್ತಿತ್ತು.

ಇವತ್ತಿಗೆ ಅವಳಿಗೆ ಐವತ್ತು. ಶಾಲೆಯ ದಾಖಲೆಯಲ್ಲಿ ಅವಳು ಹುಟ್ಟಿದ್ದು ಜೂನ್ ಒಂದಕ್ಕೆ. ಅವಳ ವಾರಿಗೆಯವರಲ್ಲಿ ಅರ್ಧಕ್ಕರ್ಧ ಮಂದಿಯನ್ನು ಮಾಸ್ತರರು ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದರು. ಶಹಾಬಾದಿನಲ್ಲಿರುವ ಮಗಳು ದಾನೇಶ್ವರಿ ಪ್ರತಿ ಜೂನಿನಲ್ಲಿ ಫೋನಿಗೆ ಕೇಕಿನ ಚಿತ್ರ ಕಳಿಸುತ್ತಾಳೆ. ನಿಜವಾಗಿ ಹುಟ್ಟಿದ್ದು ಎಮರ್ಜೆನ್ಸಿ ಬಂದ ವರ್ಷದ ಎಳ್ಳಮಾಸಿಗೆ. ಹೊಲದಲ್ಲಿ ಎಲ್ಲರೂ ಉಣ್ಣಲು ಕುಳಿತಾಗ ನೋವು ಶುರುವಾಯಿತು, ನನ್ನ ಪಾಲಿನ ಕಡಬು ನಿನ್ನ ಸೋದರತ್ತೆ ತಿಂದಳು ಎಂದು ಅವ್ವ ಹೇಳಿ ನಗುತ್ತಿದ್ದಳು. ಅವ್ವ ಹೋದ ಮೇಲೆ ಆ ದಿನವನ್ನು ನೆನಪಿಟ್ಟುಕೊಂಡವಳು ಶಿವಕಾಂತಮ್ಮ ಒಬ್ಬಳೇ. ಈಗ ಅವಳೂ ಇಲ್ಲ.

ಗಂಡ ರೇವಣಸಿದ್ದ ಹಲ್ಲುಜ್ಜಿಕೊಂಡು ಒಳಗೆ ಬಂದ. ಅವನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಇಲೆಕ್ಟ್ರಿಷಿಯನ್. ಇವತ್ತು ರಜೆ ಹಾಕಿದ್ದ.

"ಬರೀ ರೊಟ್ಟಿ ಯಾಕ ಮಾಡಾಕತ್ತಿ? ಮಂದಿ ತರ್ತಾರಲ್ಲ."

"ಮಂದಿ ತರೋತನಕ ಉಪವಾಸ ಕುಂದ್ರತೀರೇನು?"

ಅವನು ಬಾಗಿಲ ಚೌಕಟ್ಟಿಗೆ ಒರಗಿ ಕುಳಿತು ಚಹಾ ತೆಗೆದುಕೊಂಡ. ಎರಡು ಗುಟುಕು ಕುಡಿದ ಮೇಲೆ, "ವೈನಿ ಬರ್ಲಿಕತ್ತಾಳ. ಅಣ್ಣ ಫೋನ್ ಮಾಡಿದ್ದ. ಸಣ್ಣವ್ವನ ಬಗ್ಗೆ ಮಾತಾಡೋದದಂತ," ಅಂದ.

ಸಣ್ಣವ್ವ ಎಂದರೆ ಶಿವಕಾಂತಮ್ಮನ ತಂಗಿ. ಚಿಮ್ಮನಚೋಡದಲ್ಲಿ ಒಬ್ಬಳೇ ಇದ್ದಳು, ಮಕ್ಕಳಿಲ್ಲ. ದೀಪಾವಳಿಯ ನಂತರ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಕಲಬುರಗಿಯ ಆಸ್ಪತ್ರೆಯಲ್ಲಿದ್ದಳು. ಅವಳಿಗೆ ತನ್ನವರು ಅಂದರೆ ಅಕ್ಕನ ಇಬ್ಬರು ಮಕ್ಕಳು: ವಾಡಿಯ ದೇವಿಂದ್ರಪ್ಪ, ಚಿತ್ತಾಪುರದ ರೇವಣಸಿದ್ದ. ಬರುವ ವಾರ ಅವಳನ್ನು ಮನೆಗೆ ಕಳಿಸುತ್ತಾರೆ. ಯಾರ ಮನೆಗೆ ಎಂಬುದೊಂದೇ ಉಳಿದಿತ್ತು.

"ಅಣ್ಣ ಏನಂತಾನಂದ್ರ, ಅವನದು ಕ್ವಾರ್ಟರ್ಸು, ಎರಡೇ ಖೋಲಿ. ವೈನಿಗೆ ಮೊಣಕಾಲು. ಇಲ್ಲಾದ್ರ ಎಲ್ಲಾ ತಯಾರ ಅದ ಅಂತ."

"ಎಲ್ಲಾ ಅಂದ್ರ?"

"ಮಂಚ ಅದ. ಗಾದಿ ಅದ..." ಅವನು ನಿಲ್ಲಿಸಿದ.

"ನಾ ಅದೀನಿ," ಎಂದು ಜಗದೇವಿ ಪೂರ್ತಿ ಮಾಡಿದಳು.

ರೇವಣಸಿದ್ದ ಚಹಾದ ಕಪ್ಪಿನೊಳಗೆ ನೋಡಿದ. ಕೆಟ್ಟ ಮನುಷ್ಯನಲ್ಲ. ಅವ್ವನಿದ್ದಾಗ ವಾರಕ್ಕೊಮ್ಮೆ ಅವಳ ಉಗುರು ಕತ್ತರಿಸುತ್ತಿದ್ದ, ತಿಂಗಳ ಔಷಧಿ ಮರೆಯದೆ ತರುತ್ತಿದ್ದ. "ನೀ ಹೂಂ ಅಂದ್ರ ಅಷ್ಟ. ನಾ ಜಬರದಸ್ತಿ ಮಾಡಂಗಿಲ್ಲ," ಅಂದ. ಹೂಂ ಅನ್ನದಿದ್ದರೆ ಏನು ಎಂಬುದನ್ನು ಅವನು ಹೇಳಲಿಲ್ಲ. ಅದನ್ನು ಅವನು ಯೋಚಿಸಿಯೂ ಇರಲಿಲ್ಲವೇನೋ.

ಅವಳ ಹತ್ತಿರ ಇನ್ನೊಂದು ಮಾತಿತ್ತು. ಅವನಿಗೆ ಗೊತ್ತಿಲ್ಲದ್ದು. ಸೇಡಂನಲ್ಲಿ ಯಾರೋ ನಾಲ್ಕು ಮಂದಿ ಸೇರಿ ವಯಸ್ಸಾದವರಿಗೆ ಒಂದು ಹಗಲುಮನೆ ತೆರೆದಿದ್ದರು. ಮನೆಯವರು ಕೆಲಸಕ್ಕೆ ಹೋಗುವಾಗ ಮುದುಕರನ್ನು ಅಲ್ಲಿ ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ಎಬ್ಬಿಸುವುದು, ಕೂರಿಸುವುದು, ಉಣಿಸುವುದು ತಿಳಿದ ಹೆಂಗಸೊಬ್ಬಳು ಅವರಿಗೆ ಬೇಕಿತ್ತು. ಎದುರುಮನೆಯ ಜೈತುನ್ಬೀ ಅವರಿಗೆ ಜಗದೇವಿಯ ಹೆಸರು ಹೇಳಿ ಬಂದಿದ್ದಳು. ಮುಂಜಾನೆ ಪ್ಯಾಸೆಂಜರಿಗೆ ಹೋಗುವುದು, ಸಂಜೆ ರೈಲಿಗೆ ಬರುವುದು. ಪಗಾರ ಕೊಡುತ್ತಾರೆ. ಸೋಮವಾರ ಬಂದರೆ ಸರಿ, ಬಾರದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು.

ಸಣ್ಣವ್ವ ಈ ಮನೆಗೆ ಬಂದರೆ ಸೇಡಂ ಇಲ್ಲ. ಅದು ಅವಳಿಗೆ ಸ್ಪಷ್ಟವಿತ್ತು. ಮುಂದಿನ ಹತ್ತು ವರ್ಷ ಎತ್ತ ಹೋಗುತ್ತದೆ ಎಂಬುದು ಸೋಮವಾರದೊಳಗೆ ತೀರ್ಮಾನವಾಗಬೇಕಿತ್ತು. ಹಿಂದಿನ ಹತ್ತು ವರ್ಷ ಎತ್ತ ಹೋಯಿತೆಂಬುದು ಮಾತ್ರ ಪಡಸಾಲೆಯಲ್ಲಿ ಎದುರಿಗೇ ಇತ್ತು: ತಲೆಯ ಕಡೆ ಏರಿಸಿ ಇಳಿಸುವ ಆಸ್ಪತ್ರೆಯ ಮಂಚ, ಅದರ ಮೇಲೆ ಗಾಳಿ ತುಂಬುವ ಗಾದಿ.

ಅವಳ ನಲವತ್ತನೆಯ ಎಳ್ಳಮಾಸಿ ಮುಗಿದು ಸಂಕ್ರಾಂತಿ ಬರುವುದರೊಳಗೆ ಶಿವಕಾಂತಮ್ಮನಿಗೆ ಲಕ್ವ ಹೊಡೆದಿತ್ತು. ಅದಕ್ಕೆ ಮುಂಚೆ ಆ ಹೆಂಗಸಿನ ಎದುರು ಜಗದೇವಿ ಜೋರಾಗಿ ಉಸಿರಾಡಿದವಳಲ್ಲ. ಸೊಸೆ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ತೂತು ಹುಡುಕುವ ಅತ್ತೆ ಅವಳು. ಒಂದೇ ಮುಂಜಾನೆಯಲ್ಲಿ ಅವಳ ಬಲಗೈ, ಬಲಗಾಲು, ಅರ್ಧ ಬಾಯಿ ಸತ್ತವು. ಮೊದಲ ತಿಂಗಳುಗಳಲ್ಲಿ ಜಗದೇವಿ ಮೂಗಿಗೆ ಸೆರಗು ಕಟ್ಟಿಕೊಂಡು ಕೆಲಸ ಮಾಡಿದಳು. ಬಟ್ಟೆ ಒಗೆದು ಬಂದು ತಟ್ಟೆಯ ಮುಂದೆ ಕುಳಿತರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆ ಸಿಟ್ಟಿನಿಂದ ಎಡಗೈಯಲ್ಲಿ ತಟ್ಟೆ ಬೀಸಿ ಒಗೆಯುತ್ತಿದ್ದಳು. ಸೊಸೆಯ ಕೈಯಲ್ಲಿ ಬೆತ್ತಲೆಯಾಗುವ ಸಿಟ್ಟು ಅದು ಎಂದು ಜಗದೇವಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಜೈತುನ್ಬೀ ಸರಕಾರಿ ದವಾಖಾನೆಯಲ್ಲಿ ಆಯಾ ಆಗಿದ್ದವಳು. ಡ್ಯೂಟಿ ಮುಗಿಸಿ ಬಂದು ಅವಳೇ ಕಲಿಸಿದಳು. ಎಳೆಯಬಾರದು, ಹೊರಳಿಸಬೇಕು. ಕಂಕುಳಲ್ಲಿ ಕೈ ಹಾಕಿ ಎತ್ತಬಾರದು. ಬೆನ್ನ ಕೆಳಗೆ ಹಾಸಿದ ಬಟ್ಟೆಯಲ್ಲಿ ಒಂದು ನಿರಿಗೆ ಉಳಿದರೂ ಅದು ನಾಳೆಗೆ ಹುಣ್ಣು. ಮೈ ತೊಳೆಯುವಾಗ ಎಲ್ಲವನ್ನೂ ಒಮ್ಮೆಗೇ ತೆಗೆಯಬಾರದು, ಒಂದು ಕಡೆ ತೊಳೆದು ಮುಚ್ಚಿ ಇನ್ನೊಂದು ಕಡೆ ತೆಗೆಯಬೇಕು. "ಮಾತಾಡ್ಕೋತ ಮಾಡು," ಎನ್ನುತ್ತಿದ್ದಳು ಜೈತುನ್ಬೀ. "ಸುಮ್ಮ ಮಾಡಿದ್ರ ಅವರಿಗೆ ತಾವು ತಿಕ್ಕಿ ಇಡೋ ಭಾಂಡಿ ಇದ್ದಂಗ ಅನಸ್ತದ."

ಏನು ಮಾತಾಡುವುದು? ಮದುವೆಯಾಗಿ ಇಪ್ಪತ್ತು ವರ್ಷ ಮಾತಾಡಿರಲಿಲ್ಲ. ಜಗದೇವಿ ಓಣಿಯ ಸುದ್ದಿಯಿಂದ ಶುರುಮಾಡಿದಳು. ಅತ್ತೆ ಅರ್ಧ ಬಾಯಿಯಲ್ಲಿ ಅದಕ್ಕೆ ಉಪ್ಪುಖಾರ ಸೇರಿಸಿದಳು. ಆಮೇಲೆ ನೆಲದ ಮೇಲಿದ್ದ ಚೌಕಾಬಾರದ ಮನೆ ಮಂಚದ ಮೇಲಿನ ಹಲಗೆಗೆ ಏರಿತು. ಶಿವಕಾಂತಮ್ಮ ಎಡಗೈಯಲ್ಲಿ ಕವಡೆ ಹಾಕುತ್ತಿದ್ದಳು ಮತ್ತು ಎಡಗೈಯಲ್ಲೇ ಮೋಸ ಮಾಡುತ್ತಿದ್ದಳು. ಲಾಕ್‌ಡೌನಿನಲ್ಲಿ ರೇವಣಸಿದ್ದ ತಿಂಗಳುಗಟ್ಟಲೆ ವಾಡಿಯಲ್ಲೇ ಉಳಿದಾಗ ಈ ಮನೆಯಲ್ಲಿ ಇಬ್ಬರು ಹೆಂಗಸರು, ನಾಲ್ಕು ಕವಡೆ, ಮತ್ತು ದಿನಾ ಒಂದು ಜಗಳ.

ಅದೇ ಕಾಲಕ್ಕೆ ಜಗದೇವಿಯ ಮುಟ್ಟು ಏರುಪೇರಾಯಿತು. ಒಮ್ಮೆ ಬೆಳಗಿನ ಹೊತ್ತಿನಲ್ಲಿ ಅತ್ತೆಯನ್ನು ಮಗ್ಗುಲಿಗೆ ಹೊರಳಿಸುತ್ತಿರುವಾಗ ಮೈಯೆಲ್ಲ ಬೆಂಕಿ ಹಚ್ಚಿದಂತೆ ಬೆವರು ಸುರಿಯಿತು. ಅವಳು ಹಾಗೆಯೇ ಮಂಚದ ಅಂಚಿಗೆ ಕುಸಿದು ಕುಳಿತಳು. ಶಿವಕಾಂತಮ್ಮ ಒಂದು ಗಳಿಗೆ ನೋಡಿ, ದಿಂಬಿನ ಬದಿಯಲ್ಲಿದ್ದ ಬೀಸಣಿಗೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಬೀಸತೊಡಗಿದಳು. ಬೀಸಣಿಗೆ ಅವಳ ಹಿಡಿತದಲ್ಲಿ ಓಲಾಡಿ ಜಗದೇವಿಯ ಕಿವಿಗೆ ಬಡಿಯಿತು. "ನನಗೂ ಹಿಂಗ ಆಗಿತ್ತು," ಅಂದಳು. "ಯಾರೂ ಗಾಳಿ ಹಾಕ್ಲಿಲ್ಲ."

ಒಳ್ಳೆಯದಷ್ಟೇ ಇತ್ತೆಂದಲ್ಲ. ಯಾವಾಗ ಮುಗಿಯುತ್ತದೋ ಎಂದುಕೊಂಡ ರಾತ್ರಿಗಳಿದ್ದವು. ತಮ್ಮನ ಮದುವೆಗೆ ಹೋಗಲಾಗಲಿಲ್ಲ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಪಡಸಾಲೆಯಲ್ಲಿ ಅಜ್ಜಿ ಮಲಗಿರುವ ಮನೆಗೆ ದಾನೇಶ್ವರಿಯನ್ನು ಬೀಗರು ಕಳಿಸಲಿಲ್ಲ. ಮೊಮ್ಮಗಳ ಮೊದಲ ಸ್ನಾನ ಶಹಾಬಾದಿನಲ್ಲಿ ಬೇರೆ ಯಾರದೋ ಕಾಲ ಮೇಲೆ ಆಯಿತು. ಆ ದಿನ ಜಗದೇವಿ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದಳು.

ಕಳೆದ ಎಳ್ಳಮಾಸಿಗೆ ಶಿವಕಾಂತಮ್ಮ ಮಂಚದ ಮೇಲೆ ಕುಳಿತು ತನ್ನ ತಟ್ಟೆಯ ಭಜ್ಜಿಯಲ್ಲಿ ಕಡಬು ಅದ್ದಿ ಸೊಸೆಯ ಬಾಯಿಗಿಟ್ಟು ಕೇಳಿದ್ದಳು: "ಬರೋ ವರ್ಷ ನಿನಗ ಐವತ್ತು. ಏನ್ ಬೇಕು ಹೇಳು."

"ಒಂದಿನ ಮಧ್ಯಾಹ್ನ ಮಲ್ಕೋಬೇಕು ಅತ್ತಿ."

"ಅಷ್ಟನ?"

"ಅಷ್ಟು ಕೊಡ್ರಿ ಸಾಕು."

ಅತ್ತೆ ಅರ್ಧ ಮುಖದಲ್ಲಿ ನಕ್ಕಿದ್ದಳು. ಕೊಡುವಂತಿರಲಿಲ್ಲ.

ಬಿಸಿಲು ಏರುವಷ್ಟರಲ್ಲಿ ಪಾತ್ರೆಗಳು ಬರತೊಡಗಿದವು. ಹೊಲಕ್ಕೆ ಹೊರಟವರೆಲ್ಲ ದಾರಿಯಲ್ಲಿ ನಿಂತು ಕೊಟ್ಟುಹೋದರು. ಪಾಪ, ಬೇರೆ ಯಾರೂ ತಂದಿರಲಿಕ್ಕಿಲ್ಲ ಎಂದು ಪ್ರತಿಯೊಬ್ಬರೂ ಯೋಚಿಸಿದ್ದರಿಂದ, ಇಬ್ಬರೇ ಇರುವ ಮನೆಯ ಕಟ್ಟೆಯ ಮೇಲೆ ಒಂದು ಲಗ್ನಕ್ಕಾಗುವಷ್ಟು ಭಜ್ಜಿ ಸಾಲು ನಿಂತಿತು. ಒಂದರಲ್ಲಿ ಬಾರೆಹಣ್ಣು ತೇಲುತ್ತಿತ್ತು, ಒಂದರಲ್ಲಿ ಖಾರ ಹೆಚ್ಚಾಗಿ ಕೆಂಪಗಿತ್ತು, ಒಂದು ಗಟ್ಟಿ, ಒಂದು ತೆಳು. ಕೊಟ್ಟವರೆಲ್ಲ ಪಡಸಾಲೆಯ ಮಂಚದ ಕಡೆ ನೋಡಿ ಒಂದೇ ಮಾತು ಹೇಳಿದರು: "ಹೂವಿನಂಗ ನೋಡ್ಕೊಂಡಿ ನೋಡವಾ ಅತ್ತೀನ. ನಿನ್ನಂಗ ಯಾರ ಕೈಲೂ ಆಗಂಗಿಲ್ಲ." ಜಗದೇವಿ ಪಾತ್ರೆ ಇಸಿದುಕೊಂಡು ತಲೆಯಾಡಿಸಿದಳು. ಮೊದಲೆಲ್ಲ ಈ ಮಾತು ಕೇಳಿದರೆ ಎದೆ ತುಂಬುತ್ತಿತ್ತು. ಈಚೆಗೆ ಅದು ಹಗ್ಗದಂತೆ ಮೈಗೆ ಸುತ್ತಿಕೊಳ್ಳುತ್ತಿತ್ತು.

ವಾಡಿಯಿಂದ ದೇವಿಂದ್ರಪ್ಪನ ಹೆಂಡತಿ ಉಮಾದೇವಿ ಬಂದಾಗ ಬಾಗಿಲು ತೆರೆದೇ ಇತ್ತು.

"ಬಾಗಲಾ ತಗದ ಬಿಟ್ಟೀದಿ? ನಾಯಿ ಬಂದು ಭಜ್ಜಿ ತಿಂದ್ರ?"

"ತಿನ್ಲಿ ಬಿಡ್ರಿ ಅಕ್ಕಾ. ಅದರ ಬಳಗಾನೂ ಕರ್ಕೊಂಡು ಬರ್ಲಿ, ಸಾಲೋವಷ್ಟ ಅದ."

ಉಮಾದೇವಿ ನಗುತ್ತ, ಮೊಣಕಾಲು ಹಿಡಿದುಕೊಂಡು, ಅಯ್ಯ ಶಿವನೆ ಎನ್ನುತ್ತ ಗೋಡೆಗೆ ಒರಗಿ ಕುಳಿತಳು. ದೊಡ್ಡ ಸ್ಟೀಲ್ ಡಬ್ಬಿಯನ್ನು ಮುಂದೆ ಸರಿಸಿದಳು. ರೇವಣಸಿದ್ದ ಅತ್ತಿಗೆಗೆ ನೀರು ಕೊಟ್ಟು, ಗೆಳೆಯರ ಹೊಲಕ್ಕೆ ಹೋಗಿಬರುತ್ತೇನೆಂದು ಸೈಕಲ್ ಮೋಟಾರು ಹತ್ತಿ ಹೋಗಿಬಿಟ್ಟ. ಹೆಂಗಸರ ಮಾತಿನ ನಡುವೆ ತಾನಿರಬಾರದು ಎಂಬ ಜಾಣತನ ಅವನದು.

"ಇನ್ನಾ ಗಾದಿ ತಗದಿಲ್ಲ?" ಉಮಾದೇವಿ ಮಂಚದ ಕಡೆ ನೋಡಿದಳು.

"ಇಲ್ಲರಿ."

"ಚೊಲೊ ಆಯ್ತು. ಮತ್ತ ಹಾಸೋ ತಕಲೀಫ್ ಇಲ್ಲ."

ಜಗದೇವಿ ಖಾಲಿ ಲೋಟ ಎತ್ತಿ ಒಳಗಿಟ್ಟು ಬಂದಳು.

"ನೋಡು ಜಗದೇವಿ, ನಾ ಮುಚ್ಚಿ ಮಾತಾಡಾಕಿ ಅಲ್ಲ. ನನ್ನ ಕೈಲಿ ಆಗಂಗಿಲ್ಲ. ವಾಸನಿ ಬಂದ್ರ ಸಾಕು, ಹೊಟ್ಟಿ ತೊಳಸ್ತದ. ನಿನಗಾದ್ರ ರೂಢಿ ಅದ."

"ನನಗೂ ತೊಳಸ್ತಿತ್ತು ಅಕ್ಕಾ."

"ಆದ್ರ ಕಲ್ತಿ ಅಲ್ಲ?"

"ಕಲ್ತೆ. ಆರು ತಿಂಗಳು ಊಟ ಸೇರ್ಲಿಲ್ಲ. ಆಮ್ಯಾಲ ಕಲ್ತೆ."

"ಅದಕ್ಕ ಹಿಂಗ ತೆಳ್ಳಗ ಉಳದೀದಿ. ನನ್ನ ನೋಡು, ಯಾವ ದುಃಖಕ್ಕೂ ನನ್ನ ಊಟ ಬಿಡಂಗಿಲ್ಲ." ಉಮಾದೇವಿ ತನ್ನ ಹೊಟ್ಟೆ ತಟ್ಟಿಕೊಂಡು ನಕ್ಕಳು. ಆಮೇಲೆ ಡಬ್ಬಿಯ ಮೇಲೆ ಕೈಯಿಟ್ಟಳು. "ಇವತ್ತು ಭಜ್ಜಿ ಹಿಡ್ಕೊಂಡ ಬಂದೀನಿ. ಈ ವರ್ಷ ತಂದದ್ದು ಬ್ಯಾಡ ಅನ್ನಂಗಿಲ್ಲ ನೀನು. ಭಜ್ಜಿ ಸಂಗಟ ಸಣ್ಣವ್ವನ್ನೂ ತಂದೀನಿ ಅಂತ ತಿಳ್ಕೊ."

ಅದು ನಗೆಯ ಮಾತೇ. ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ಆ ಕಣ್ಣುಗಳಲ್ಲಿದ್ದದ್ದು ಭಯ ಎಂದು ಜಗದೇವಿಗೆ ಕಾಣಿಸಿತು. ಹತ್ತು ವರ್ಷದ ಹಿಂದೆ ಕನ್ನಡಿಯಲ್ಲಿ ನೋಡಿದ್ದ ಭಯ.

"ಹಾಂ? ಡಬ್ಬಿಯಾಗ ಮುದುಕಿನ್ನ ಹಾಕ್ಕೊಂಡ ಬಂದೀರೇನ್ರಿ ವಾಡಿಬಾಯಿ?" ಬಾಗಿಲಲ್ಲಿ ಜೈತುನ್ಬೀ ನಿಂತಿದ್ದಳು, ಕೈಯಲ್ಲಿ ಮುಚ್ಚಿದ ತಟ್ಟೆ. "ಮುಚ್ಚಳ ಜರಾ ಸಡಿಲ ಬಿಟ್ಟೀರಿಲ್ಲೊ? ಗಾಳಿ ಬೇಕಲ್ಲ."

"ಬರ್ರಿ ಆಪಾ, ಕುಂದ್ರಿ," ಎಂದಳು ಜಗದೇವಿ, ನಗು ತಡೆಯಲಾಗದೆ. "ನೀವೂ ಭಜ್ಜಿ ತಂದೀರೇನು?"

"ಹುಚ್ಚೀ, ಊರೆಲ್ಲಾ ಭಜ್ಜಿ ತಂದಿರ್ತದ ಅಂತ ಗೊತ್ತದ ನನಗ. ಖಿಚಡಿ-ಖಟ್ಟಾ ತಂದೀನಿ."

ಉಮಾದೇವಿಗೆ ಸಾಕ್ಷಿಯೊಬ್ಬಳು ಸಿಕ್ಕಂತಾಯಿತು. "ನೀವೇ ಹೇಳ್ರಿ ಆಪಾ. ಈಕಿಗೆ ಎಲ್ಲಾ ಕಲಿಸಿದಾಕಿ ನೀವು. ಈಕಿ ಕೈಗುಣ ಯಾರಿಗದ?"

"ಕೈಗುಣ ಏನಿಲ್ಲರಿ. ಮೊದಲ ದಿನ ಈಕಿ ಅತ್ತೀನ ಜೋಳದ ಚೀಲ ಎಳದಂಗ ಎಳೀತಿದ್ಲು. ಕಲ್ತಾಳ. ಕಲೀಲಿಕ್ಕ ಬರೋ ಕೆಲ್ಸ ಅದು. ನೀವೂ ಬರ್ರಿ ನಾಳಿಂದ, ಫುಕಟ್ ಕಲಿಸ್ತೀನಿ."

"ನನ್ನ ಮೊಣಕಾಲ..."

"ಮೊಣಕಾಲಲೆ ಮಾಡೋ ಕೆಲ್ಸ ಅಲ್ರಿ, ಕೈಲೆ ಮಾಡೋದು."

ಉಮಾದೇವಿ ಮುಖ ಸಣ್ಣದು ಮಾಡಿಕೊಂಡು ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಸೇಡಂನ ಮಾತನ್ನು ಜೈತುನ್ಬೀ ಎತ್ತಲಿಲ್ಲ. ತಟ್ಟೆ ಇಟ್ಟು ಹೊರಡುವಾಗ ಮಾತ್ರ, ಚಪ್ಪಲಿ ಮೆಟ್ಟುತ್ತ, ತಗ್ಗಿದ ದನಿಯಲ್ಲಿ, "ಸೋಮವಾರ," ಅಂದಳು.

ಅಷ್ಟರಲ್ಲಿ ದಾನೇಶ್ವರಿಯ ವೀಡಿಯೊ ಕರೆ ಬಂತು. ಐದು ತಿಂಗಳ ಕೂಸು ಪರದೆಯ ತುಂಬ ಬಾಯಿ ತೆರೆದು ಜೊಲ್ಲು ಸುರಿಸುತ್ತಿತ್ತು. ದೊಡ್ಡಮ್ಮನನ್ನು ನೋಡಿ ದಾನೇಶ್ವರಿ ನಮಸ್ಕಾರ ಮಾಡಿದಳು. ಉಮಾದೇವಿ ಉತ್ಸಾಹದಿಂದ ಸಣ್ಣವ್ವನ ವಿಷಯ ಹೇಳಿಯೇಬಿಟ್ಟಳು. ಮಗಳು ಕೂಸನ್ನು ಪರದೆಯಿಂದ ಆಚೆ ಸರಿಸಿದಳು.

"ಮತ್ತ ಹತ್ತು ವರ್ಷ ಏನವ್ವಾ?" ಅಂದಳು.

"ಏ, ಅಷ್ಟು ಎಲ್ಲಿ ಬದುಕ್ತಾಳ ಬಿಡು ಮುದುಕಿ," ಎಂದು ಉಮಾದೇವಿ ಕೈ ಬೀಸಿದಳು.

"ಅತ್ತಿಗೂ ಡಾಕ್ಟರು ಆರು ತಿಂಗಳಂದಿದ್ರು," ಎಂದಳು ಜಗದೇವಿ. ಜೋರಾಗಿ ಹೇಳಲಿಲ್ಲ. ಆದರೂ ಪಡಸಾಲೆಯಲ್ಲಿ ಅದು ಸರಿಯಾಗಿ ಕೇಳಿಸಿತು. ಕೂಸು ಅಳತೊಡಗಿತು, ಕರೆ ಮುಗಿಯಿತು.

ಉಮಾದೇವಿ ಊಟ ಮಾಡಿ, ಒಂದು ಗಂಟೆಯ ಬಸ್ಸಿಗೆ ಎದ್ದಳು. ಹೊರಡುವಾಗ ಜಗದೇವಿಯ ಕೈ ಹಿಡಿದುಕೊಂಡಳು. "ನೀ ಹೂಂ ಅಂದ್ರ ನನಗ ಭಾಳ ಹಗುರ ಆಗ್ತದವಾ. ರಾತ್ರಿ ನಿದ್ದಿ ಇಲ್ಲ ನನಗ." ಅದು ನಟನೆಯಲ್ಲ. ಜಗದೇವಿ ಆ ಕೈಯನ್ನು ಒತ್ತಿ ಬಿಟ್ಟಳು. ಹೂಂ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷ ಹೇಳಿ ಹೇಳಿ ಅದು ತಾನಾಗಿಯೇ ಬರುತ್ತಿತ್ತು. "ಹುಷಾರ್ ಹೋಗ್ರಿ ಅಕ್ಕಾ," ಎಂದಷ್ಟೇ ಹೇಳಿದಳು.

ಮನೆ ಖಾಲಿಯಾಯಿತು. ಓಣಿಯೂ ಖಾಲಿ, ಎಲ್ಲರೂ ಹೊಲದಲ್ಲಿದ್ದರು. ಜಗದೇವಿ ಕಟ್ಟೆಯ ಮೇಲಿನ ಭಜ್ಜಿಗಳಲ್ಲಿ ಒಂದೊಂದರಿಂದ ಒಂದೊಂದು ಚಮಚ ಬಡಿಸಿಕೊಂಡು, ಕಾಲು ಚಾಚಿ ಕುಳಿತು, ನಿಧಾನವಾಗಿ ಉಂಡಳು. ಆಮೇಲೆ ಬಾಗಿಲ ಚಿಲಕ ಹಾಕಿದಳು. ಹಗಲುಹೊತ್ತಿನಲ್ಲಿ, ಎಳ್ಳಮಾಸಿಯ ದಿನ, ಮಲಗಲು.

ಚಾಪೆ ಹಾಸಲು ಹೋದವಳು ನಿಂತಳು. ಮಂಚದ ಕಾಲ ಕಡೆಯ ಹಿಡಿಕೆಯನ್ನು ಹಿಡಿದು ನಾಲ್ಕಾರು ಸುತ್ತು ತಿರುಗಿಸಿದಳು. ತಲೆಯ ಭಾಗ ಕಿರುಗುಟ್ಟುತ್ತ ಮೇಲೆದ್ದಿತು, ಅತ್ತೆಯನ್ನು ಊಟಕ್ಕೆ ಕೂರಿಸುವಷ್ಟು ಎತ್ತರಕ್ಕೆ. ಅವಳು ಹತ್ತಿ ಒರಗಿಕೊಂಡಳು. ಇಷ್ಟು ವರ್ಷ ಸಾವಿರ ಸಲ ಈ ಹಾಸಿಗೆಯನ್ನು ಝಾಡಿಸಿದ್ದರೂ ಅದರ ಮೇಲೆ ಒಮ್ಮೆಯೂ ಮಲಗಿರಲಿಲ್ಲ.

ಇಲ್ಲಿಂದ ಓಣಿ ಕಾಣುತ್ತದೆ ಎಂದೇ ಅವಳು ತಿಳಿದಿದ್ದಳು. ಅದಕ್ಕೆಂದೇ ಮಂಚವನ್ನು ಆ ಗೋಡೆಗೆ ಹಾಕಿಸಿದ್ದಳು. ಕಾಣುತ್ತಿರಲಿಲ್ಲ. ಬಾಗಿಲು ತೆರೆದಿಟ್ಟರೂ ಅದರ ಕದವೇ ಅಡ್ಡ ಬರುವಂತಿತ್ತು. ಕಾಣುತ್ತಿದ್ದದ್ದು ಅಡಿಗೆಮನೆಯ ಬಾಗಿಲು, ಒಲೆ, ಒಲೆಯ ಮುಂದಿನ ಮಣೆ, ನೀರಿನ ಹಂಡೆ. ಅಷ್ಟೇ. ಹತ್ತು ವರ್ಷ ಶಿವಕಾಂತಮ್ಮ ನೋಡಿದ್ದು ಓಣಿಯನ್ನಲ್ಲ. ರೊಟ್ಟಿ ಬಡಿಯುವ ಜಗದೇವಿಯನ್ನು, ನೀರು ತುಂಬುವ ಜಗದೇವಿಯನ್ನು, ಸೊಂಟಕ್ಕೆ ಕೈಯಿಟ್ಟು ನಿಲ್ಲುವ, ಕಣ್ಣು ಒರೆಸಿಕೊಳ್ಳುವ, ತನ್ನಷ್ಟಕ್ಕೆ ಗುನುಗುವ ಜಗದೇವಿಯನ್ನು. ಒಂದು ಸಲವೂ ಅವಳು ಓಣಿ ಕಾಣುವುದಿಲ್ಲ, ಮಂಚ ಸರಿಸು ಎನ್ನಲಿಲ್ಲ.

ಜಗದೇವಿಗೆ ಅಳು ಬರಲಿಲ್ಲ. ಯಾರೋ ಬಹಳ ಹೊತ್ತು ತನ್ನನ್ನು ನೋಡುತ್ತಿದ್ದರೆಂದು ತಡವಾಗಿ ತಿಳಿದಾಗ ಆಗುವ ನಾಚಿಕೆಯಂಥದ್ದೇನೋ ಆಯಿತು. ನಲವತ್ತರಿಂದ ಐವತ್ತರವರೆಗಿನ ವಯಸ್ಸು ಯಾರ ಕಣ್ಣಿಗೂ ಬೀಳದೆ ಈ ನಾಲ್ಕು ಗೋಡೆಯೊಳಗೆ ಕಳೆಯಿತೆಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಹಾಗಲ್ಲ. ಒಬ್ಬಳು ಪೂರ್ತಿ ನೋಡಿದ್ದಳು. ತಲೆಯ ಮೊದಲ ಬಿಳಿಗೂದಲಿನಿಂದ ಹಿಡಿದು.

ಅದು ಹೂವಿನಂತೆ ನೋಡಿಕೊಂಡ ಸೊಸೆಯ ಕಥೆಯಲ್ಲ. ಇಬ್ಬರು ಹೆಂಗಸರು ಜಗಳವಾಡಿ, ಹೇಸಿ, ಮೋಸದಾಟ ಆಡಿ, ಒಬ್ಬರಿಗೊಬ್ಬರು ಒಗ್ಗಿದ ಹತ್ತು ವರ್ಷ. ಅದು ಅವರಿಬ್ಬರದು. ಅದನ್ನು ರೂಢಿ ಎಂದು ಕರೆದು ಸಣ್ಣವ್ವನ ಕೆಳಗೆ ಹಾಸಲು ಬರುವುದಿಲ್ಲ. ಸಣ್ಣವ್ವನನ್ನು ನೋಡುವವರಿಗೂ ಅದು ಹೊಸದಾಗಿಯೇ ಶುರುವಾಗಬೇಕು, ಮೂಗಿಗೆ ಕಟ್ಟಿದ ಸೆರಗಿನಿಂದ. ಉಮಾದೇವಿಯ ಕೈ ಗಟ್ಟಿ ಇದೆ. ಬಾಯಿಯೂ ಇದೆ, ಮಾತಿಗೆ ಬರವಿಲ್ಲ. ಅವಳಿಗೆ ಬೇಕಾದದ್ದು ಪಕ್ಕದಲ್ಲಿ ನಿಂತು ಎಳೆಯಬೇಡ, ಹೊರಳಿಸು ಎನ್ನುವ ಒಬ್ಬರು.

ಹೀಗೆ ಯೋಚಿಸುತ್ತ ಅವಳಿಗೆ ನಿದ್ದೆ ಹತ್ತಿತು. ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತ ಮಲಗಿದಳು.

ಚಿಲಕ ಬಡಿದ ಸದ್ದಿಗೆ ಎಚ್ಚರವಾದಾಗ ಬಿಸಿಲು ಇಳಿದಿತ್ತು. ರೇವಣಸಿದ್ದ ಹಸಿ ಕಡಲೆಗಿಡದ ದೊಡ್ಡ ಕಟ್ಟು ತಂದಿದ್ದ. ಅವನ ಅಂಗಿಯಿಂದ ಹೊಲದ ಹೊಗೆಯ ವಾಸನೆ ಬರುತ್ತಿತ್ತು.

"ಮಲ್ಕೊಂಡಿದ್ದೇನು? ಈ ಹೊತ್ತನ್ಯಾಗ? ಮೈಯಾಗ ಆರಾಮ ಅದ ಇಲ್ಲೋ?"

"ಆರಾಮ ಅದೀನಿ. ನಿದ್ದಿ ಬಂತು, ಮಲ್ಕೊಂಡೆ."

ಅವನು ಆಶ್ಚರ್ಯದಿಂದ ಅವಳನ್ನೂ ಎತ್ತರಿಸಿದ ಮಂಚವನ್ನೂ ನೋಡಿದ. ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕುಳಿತು ಹಸಿ ಕಡಲೆ ಸುಲಿಯತೊಡಗಿದರು. ಟ್ರ್ಯಾಕ್ಟರುಗಳು ಒಂದೊಂದಾಗಿ ಮರಳುತ್ತಿದ್ದವು. ಟ್ರಾಲಿಗಳಲ್ಲಿ ಖಾಲಿ ಬುಟ್ಟಿಗಳು, ತೂಕಡಿಸುವ ಮುದುಕರು, ಇನ್ನೂ ಕೂಗಾಡುವ ಹೆಂಗಸರು.

"ಅಣ್ಣ ಫೋನ್ ಮಾಡ್ತಾನ ರಾತ್ರಿ," ಅಂದ ರೇವಣಸಿದ್ದ. "ಏನ್ ಹೇಳ್ಲಿ?"

"ನೀವು ಏನೂ ಹೇಳಬ್ಯಾಡ್ರಿ. ನಾಳಿ ನಾನೇ ಭಾವಗ ಫೋನ್ ಮಾಡ್ತೀನಿ."

ಅವನ ಕೈ ನಿಂತಿತು. ಇಷ್ಟು ವರ್ಷದಲ್ಲಿ ಅವಳು ತಾನಾಗಿ ಭಾವನಿಗೆ ಫೋನ್ ಮಾಡಿದ್ದಿಲ್ಲ. "ಏನಂತ?"

"ಅವರಿಗೇ ಹೇಳ್ತೀನಿ. ಕಡ್ಲಿ ಸುಲೀರಿ ನೀವು."

ಅವನು ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಗಲಿಬಿಲಿಯಾದಂತಿತ್ತು. ಎಳೆಯ ಕಾಳುಗಳನ್ನು ಆರಿಸಿ ಅವಳ ಅಂಗೈಗೆ ಹಾಕಿದ.

ಜಗದೇವಿ ಕಾಳು ಜಗಿಯುತ್ತ ಲೆಕ್ಕ ಹಾಕುತ್ತಿದ್ದಳು. ಭಾವನಿಗೆ ಹೇಳಿ ಮಂಚವನ್ನು ಟೆಂಪೋದಲ್ಲಿ ವಾಡಿಗೆ ಕಳಿಸಬೇಕು. ಸಣ್ಣವ್ವ ಬಂದ ಮೇಲೆ ಒಂದೆರಡು ಭಾನುವಾರ ತಾನೂ ಅಲ್ಲಿಗೆ ಹೋಗಿ ಉಮಾದೇವಿಯ ಪಕ್ಕ ನಿಲ್ಲಬೇಕು. ಕಲಿಸುವುದು, ಮಾಡಿಕೊಡುವುದಲ್ಲ. ಅಕ್ಕ ಅಳಬಹುದು, ಎರಡು ಮಾತು ಆಡಲೂಬಹುದು. ಊರ ಹೆಂಗಸರು ಹೂವಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ತೆಗೆದುಕೊಳ್ಳಲಿ. ಸೋಮವಾರ ಅವಳು ಸೇಡಂಗೆ ಹೋಗುವವಳು. ಅಲ್ಲಿಯೂ ಅದೇ ಮೈ ತೊಳೆಯುವ, ಊಟ ಮಾಡಿಸುವ ಕೆಲಸ. ಆದರೆ ಸಂಜೆ ಅದಕ್ಕೊಂದು ಮುಗಿಯುವ ಹೊತ್ತಿದೆ, ಮತ್ತು ಮುಗಿದ ಮೇಲೆ ಕಿಟಕಿಯ ಬದಿ ಕುಳಿತು ಯಾರೊಂದಿಗೂ ಮಾತಾಡದೆ ಬರುವ ಒಂದು ರೈಲಿದೆ.

ಸ್ಟೇಷನ್ನಿನಿಂದ ಆ ಹಗಲುಮನೆ ಎಷ್ಟು ದೂರವೋ ಅವಳಿಗೆ ತಿಳಿದಿರಲಿಲ್ಲ. ಎದುರುಮನೆಯಲ್ಲಿ ದೀಪ ಹತ್ತಿತ್ತು. ಕೂಗಿ ಕೇಳಿದರೆ ಜೈತುನ್ಬೀ ಹೇಳುತ್ತಿದ್ದಳು. ಜಗದೇವಿ ಕೂಗಲಿಲ್ಲ. ಇಳಿದ ಮೇಲೆ ಯಾರನ್ನಾದರೂ ಕೇಳಿದರಾಯಿತು.